ಬಿಸಿಲೂರಿನಲ್ಲೊಂದು ಕಡಲ ಬೆಳಕು

ಹವಳಕ್ಕೆ ಬೆಳಕೇ ಊಟ. ಗಿಡದಂತೆ ಕವಲೊಡೆದು ಕಲ್ಲಿಗೆ ಅಂಟಿಕೊಂಡಿದ್ದರೂ ಅದು ಪ್ರಾಣಿ. ಅದರ ಮೈಯ ಕೋಶಗಳೊಳಗೆ ಜೂಕ್ಸಾಂಥೆಲೇ ಎಂಬ ಹೊಂಗಂದು ಬಣ್ಣದ ಏಕಕೋಶ ಪಾಚಿಗಳು ಬಿಡಾರ ಹೂಡಿರುತ್ತವೆ. ಪಾಚಿ ಬೆಳಕು ಹಿಡಿದು ಸಕ್ಕರೆ ತಯಾರಿಸುತ್ತದೆ, ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಬದಲಿಗೆ ಇರಲು ಜಾಗ ಮತ್ತು ಹವಳದ ಮೈಯಿಂದ ಹೊರಬೀಳುವ ಸಾರಜನಕ, ರಂಜಕಗಳನ್ನು ಪಡೆಯುತ್ತದೆ. ಕಡಲಿನ ನೀರು ಎಷ್ಟೇ ಶುದ್ಧವಾಗಿರಲಿ, ಬೆಳಕು ಸಾಲದಾದರೆ ಈ ಸಂಸಾರ ನಡೆಯುವುದಿಲ್ಲ.

ಬೆಳಕು ಎಂದರೆ ಎಲ್ಲ ಬಣ್ಣವೂ ಒಂದೇ ಲೆಕ್ಕವಲ್ಲ. ಬಿಸಿಲು ನೀರಿಗಿಳಿಯುತ್ತಿದ್ದಂತೆ ಮೊದಲು ಕರಗುವುದು ಕೆಂಪು. ಹತ್ತು ಮೀಟರ್ ಆಳ ತಲುಪುವಷ್ಟರಲ್ಲಿ ಅದು ಹೆಚ್ಚೂಕಡಿಮೆ ಮುಗಿದಿರುತ್ತದೆ. ತಿಳಿಯಾದ ಸಾಗರದಲ್ಲಿ ಎಲ್ಲಕ್ಕಿಂತ ಕೆಳಗೆ ಹೋಗುವುದು ನೀಲಿ. ಹವಳದೊಳಗಿನ ಪಾಚಿಯ ವರ್ಣಕಗಳು ಹಸಿದು ಕಾಯುವುದೂ ಆ ನೀಲಿಗೇ, 430ರಿಂದ 480 ನ್ಯಾನೊಮೀಟರ್ ಅಲೆಯುದ್ದದ ಆಸುಪಾಸಿಗೆ. ಹವಳದ ತೊಟ್ಟಿಗಳೆಲ್ಲ ನೀಲಿಯಲ್ಲಿ ಮುಳುಗಿದಂತೆ ಕಾಣುವುದಕ್ಕೆ ಕಾರಣ ಅಲಂಕಾರವಲ್ಲ, ಈ ಲೆಕ್ಕ.

ಹೊಸಪೇಟೆಯಲ್ಲಿ ಕುಳಿತು ಕಡಲಿನ ಮಾತೇಕೆ ಎಂದು ಕೇಳುವವರು ಸಂಡೂರಿನ ಕಡೆ ಒಮ್ಮೆ ನೋಡಬೇಕು. ದೋಣಿಮಲೈ, ದೇವಗಿರಿ, ಕುಮಾರಸ್ವಾಮಿ ಬೆಟ್ಟಗಳ ಸಾಲು ನಿಂತಿರುವುದು ಸುಮಾರು 270 ಕೋಟಿ ವರ್ಷ ಹಿಂದಿನ ಶಿಲೆಗಳ ಮೇಲೆ. ಸಂಡೂರು ಶಿಸ್ಟ್ ಪಟ್ಟಿ ಎಂದು ಭೂವಿಜ್ಞಾನಿಗಳು ಕರೆಯುವ ಈ ಶಿಲೆಗಳ ಬಹುಭಾಗ ಒಂದು ಕಾಲದ ಕಡಲತಳ. ಅಲ್ಲಿ ಸ್ಟ್ರೊಮ್ಯಾಟೊಲೈಟುಗಳು ಸಿಕ್ಕಿವೆ. ಅವು ಆಳವಿಲ್ಲದ ನೀರಿನಲ್ಲಿ, ಬೆಳಕಿನ ಕಡೆಗೆ ಮುಖಮಾಡಿ, ಪದರದ ಮೇಲೆ ಪದರವಾಗಿ ಬೆಳೆದ ಸೂಕ್ಷ್ಮಜೀವಿಗಳ ದಿಬ್ಬಗಳು. ಹವಳ ಎಂಬ ಪ್ರಾಣಿ ಹುಟ್ಟುವುದಕ್ಕೆ ಇನ್ನೂ ಇನ್ನೂರು ಕೋಟಿ ವರ್ಷಕ್ಕಿಂತ ಹೆಚ್ಚು ಕಾಲವಿತ್ತು. ಭೂಮಿಯ ಮೇಲೆ ಬೆಳಕು ಉಂಡು ದಿಬ್ಬ ಕಟ್ಟಿದ ಮೊದಲಿಗರು ಇಂಥವರೇ. ನೀರಿನಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕದೊಂದಿಗೆ ಸೇರಿ ತಳಕ್ಕಿಳಿದು ಈ ಬೆಟ್ಟಗಳಲ್ಲಿರುವಂಥ ಪಟ್ಟೆಪಟ್ಟೆ ಅದಿರಾಯಿತು, ಆ ಆಮ್ಲಜನಕವನ್ನು ಉಸಿರಿದ್ದು ಬೆಳಕು ಹಿಡಿಯುವ ಸೈನೋಬ್ಯಾಕ್ಟೀರಿಯಾದಂಥ ಜೀವಿಗಳು ಎಂಬುದು ಅನೇಕ ವಿಜ್ಞಾನಿಗಳು ಒಪ್ಪುವ ವಿವರಣೆ. ಅದಿರಿನ ಲಾರಿಗಳ ಹಿಂದೆ ಏಳುವ ಕೆಂಪು ಧೂಳಿನಲ್ಲಿ ಹಳೆಯ ಕಡಲೊಂದರ ಬೆಳಕಿನ ಲೆಕ್ಕವಿದೆ ಎಂದು ನಾನು ನಂಬುತ್ತೇನೆ. ಈ ಸೀಮೆಯ ಮಕ್ಕಳಿಗೆ ಎರಡಡಿ ಗಾಜಿನ ತೊಟ್ಟಿಯಲ್ಲಿ ಆ ಕಥೆಯನ್ನು ತೋರಿಸಬಹುದಾದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ.

ಆಸೆಪಟ್ಟವರು ಮೊದಲು ಹಿಂಜರಿಯುವುದು ದೀಪದ ಬೆಲೆ ಕೇಳಿ. ಹವಳದ ತೊಟ್ಟಿಗೆಂದೇ ಹೊರದೇಶದಿಂದ ಬರುವ ಎಲ್‌ಇಡಿ ದೀಪಗಳಿಗೆ ಹತ್ತಾರು ಸಾವಿರ ರೂಪಾಯಿ. ಆದರೆ ಆ ದೀಪದ ಒಳಗಿರುವ ಮುಖ್ಯ ವಸ್ತು ನಮ್ಮ ಬೀದಿದೀಪದಲ್ಲೂ ಇದೆ. ಬಿಳಿ ಎಲ್‌ಇಡಿ ಎಂಬುದು ಮೂಲತಃ ನೀಲಿ ಎಲ್‌ಇಡಿಯೇ. 450 ನ್ಯಾನೊಮೀಟರ್ ಸುತ್ತಲಿನ ನೀಲಿ ಬೆಳಕು ಸೂಸುವ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪ ಹಚ್ಚಿರುತ್ತಾರೆ. ಒಂದಿಷ್ಟು ನೀಲಿ ಹಾಗೇ ಹಾಯುತ್ತದೆ, ಉಳಿದದ್ದು ಹಳದಿಯಾಗುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿ. ಲೇಪವಿಲ್ಲದೆ ಬಿಟ್ಟರೆ ಅದೇ ಹವಳದ ದೀಪದ ಕಡುನೀಲಿ. ಹೊಳಪಿನ ನೀಲಿ ಎಲ್‌ಇಡಿ 1990ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಸಾಧ್ಯವಾಯಿತು. ಅದಕ್ಕಾಗಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಕಾಮುರ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಬಂತು. ಅಂದು ಪ್ರಯೋಗಾಲಯದ ಅಪರೂಪವಾಗಿದ್ದ ಚಿಪ್ಪು ಇಂದು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ, ಕೊರಿಯರ್‌ನಲ್ಲಿ ಮನೆಬಾಗಿಲಿಗೂ ಬರುತ್ತದೆ.

ದೀಪ ಕಟ್ಟುವ ಮೊದಲು, ಅದರ ಕೆಳಗೆ ಏನಿಡುತ್ತೀರಿ ಎಂಬುದನ್ನು ತೀರ್ಮಾನಿಸಬೇಕು. ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳ, ಕೊಳಲುಹವಳ, ಕಡಲಬೀಸಣಿಗೆ ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. 2001ರಲ್ಲಿ ಅವು ಆ ಪಟ್ಟಿಗೆ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ತಪ್ಪಿದವರಿಗೆ ಮೂರರಿಂದ ಏಳು ವರ್ಷ ಸೆರೆ. ಸತ್ತ ಹವಳದ ತುಂಡಿಗೂ ವಿನಾಯಿತಿ ಇಲ್ಲ. ‘ಲೈವ್ ರಾಕ್’ ಎಂದು ಮಾರುವ ಕಲ್ಲು ಹವಳದ ಬಂಡೆಯಿಂದ ಒಡೆದದ್ದಾದರೆ ಅದೂ ಅಪರಾಧವೇ. ಕಾನೂನನ್ನು ಬದಿಗಿಟ್ಟು ನೋಡಿದರೂ ಅಷ್ಟೇ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮ್ಮ ಕರಾವಳಿಗಿರುವ ಹವಳ ಸ್ವಲ್ಪವೇ. ಲಕ್ಷದ್ವೀಪದ ಹವಳಗಳು 1998, 2010, 2016ರ ಬಿಸಿಗೆ ಬೆಳ್ಳಗಾದವು, 2024ರಲ್ಲಿ ಮತ್ತೊಮ್ಮೆ ಬೆಳ್ಳಗಾದವು. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ತನ್ನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಅಂಥ ಜೀವವನ್ನು ಕಿತ್ತು ತಂದು ಹೊಸಪೇಟೆಯ ಏಪ್ರಿಲ್‌ನಲ್ಲಿ ಸಾಯಿಸುವುದನ್ನು ಹವ್ಯಾಸ ಎಂದು ನಾನು ಕರೆಯಲಾರೆ.

ಹಾಗಾದರೆ ಕಡಲಿನ ತೊಟ್ಟಿಯಲ್ಲಿ ಏನು ಬೆಳೆಸುವುದು? ಕಡಲಪಾಚಿ. ಸುಣ್ಣದ ಬಿಲ್ಲೆಗಳನ್ನು ಸರವಾಗಿ ಪೋಣಿಸಿಕೊಂಡು ನಿಲ್ಲುವ ಹ್ಯಾಲಿಮೀಡಾ, ದ್ರಾಕ್ಷಿಗೊಂಚಲಂತೆ ಹಬ್ಬುವ ಕೌಲರ್ಪಾ, ಕೆಂಪು ಗ್ರ್ಯಾಸಿಲೇರಿಯಾ. ಇವಕ್ಕೂ ಹವಳದಂತೆಯೇ ಬೆಳಕೇ ಆಹಾರ, ಇವುಗಳ ನಡುವೆ ಸುಳಿಯುವ ಮೀನೂ ಹವಳದ ನಡುವಿನ ಮೀನಿನಷ್ಟೇ ಚೆಂದ. ಕಿತ್ತಳೆ-ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿ ಬೆಳೆಗಾರರಿಗೆ ಕಲಿಸಿದೆ. ಹಾಗೆ ಸಾಕಿದ ಮರಿಯನ್ನೇ ಕೇಳಿ ಕೊಳ್ಳಿ. ಮೀನು, ಪಾಚಿ, ಒಂದೆರಡು ಶುಚಿಗಾರ ಬಸವನಹುಳು ಇಷ್ಟಿದ್ದರೆ ಸಣ್ಣ ತೊಟ್ಟಿ ತುಂಬಿತು.

ಬಂಡೆಗೆ ಗ್ರಾನೈಟ್ ಸಾಕು. ಅದು ನೀರಿಗೆ ಏನನ್ನೂ ಬಿಡುವುದಿಲ್ಲ. ಆದರೆ ಹಂಪಿಯ ಬಂಡೆಗಳ ನಡುವಿನಿಂದ ಕಲ್ಲು ಎತ್ತಿ ತರಬೇಡಿ. 1986ರಿಂದ ವಿಶ್ವಪರಂಪರೆಯ ತಾಣವಾಗಿರುವ ಅಲ್ಲಿ ಪ್ರತಿ ಕಲ್ಲೂ ಅದರ ಜಾಗದಲ್ಲೇ ಇರಬೇಕು. ಕಲ್ಲುಕುಟಿಗರ ಹತ್ತಿರ ಒಡೆದ ಚೂರುಗಳು ರಾಶಿ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಸಂಡೂರಿನ ಅದಿರುಕಲ್ಲು ನೋಡಲು ಎಷ್ಟೇ ಚೆನ್ನಾಗಿದ್ದರೂ ತೊಟ್ಟಿಗೆ ಬೇಡ. ಅದರಿಂದ ಇಳಿಯುವ ಲೋಹ ನೀರಿನ ಹದ ಕೆಡಿಸಬಹುದು.

ಈಗ ದೀಪಕ್ಕೆ ಬರೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯನ್ನೇ ಮಾದರಿಯಾಗಿಟ್ಟುಕೊಳ್ಳುತ್ತೇನೆ. ಅಂಚಿನವರೆಗೆ ತುಂಬಿದರೆ ಸುಮಾರು 54 ಲೀಟರ್. ಇದಕ್ಕೆ ಮೂರು ವ್ಯಾಟಿನ ಹನ್ನೆರಡು ಎಲ್‌ಇಡಿ ಸಾಕು: ಆರು 6500 ಕೆಲ್ವಿನ್‌ನ ತಂಪು ಬಿಳಿ, ಆರು 450 ನ್ಯಾನೊಮೀಟರಿನ ಕಡುನೀಲಿ. ಅಂಗಡಿಯಲ್ಲಿ ಇವು ನಕ್ಷತ್ರದಾಕಾರದ ಸಣ್ಣ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂರಿಸಿಯೇ ಬರುತ್ತವೆ. ‘ಸ್ಟಾರ್’ ಎಂದು ಕೇಳಿದರೆ ತಿಳಿಯುತ್ತದೆ. ಬಿಳಿಯ ಆರನ್ನೂ ಒಂದರ ಬಾಲಕ್ಕೆ ಇನ್ನೊಂದರ ತಲೆಯಂತೆ ಸಾಲಾಗಿ ಜೋಡಿಸಿ ಒಂದು ಡ್ರೈವರ್‌ಗೆ, ನೀಲಿಯ ಆರನ್ನು ಇನ್ನೊಂದು ಡ್ರೈವರ್‌ಗೆ ಕೊಡಬೇಕು. ಎರಡು ಸಾಲು ಬೇರೆಬೇರೆ ಇದ್ದರೆ ಬೇರೆಬೇರೆ ಹೊತ್ತಿಗೆ ಉರಿಸಬಹುದು, ಬಣ್ಣದ ಹದವನ್ನೂ ಬದಲಿಸಬಹುದು.

ಡ್ರೈವರ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಎಲ್‌ಇಡಿಗೆ ಬೇಕಾದದ್ದು ಸ್ಥಿರ ವೋಲ್ಟೇಜ್ ಅಲ್ಲ, ಸ್ಥಿರ ಕರೆಂಟ್. ಬಿಸಿಯಾದಂತೆ ಎಲ್‌ಇಡಿಯ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜ್ ಮಾತ್ರ ಹಿಡಿದಿಡುವ ಅಡಾಪ್ಟರ್ ಕೊಟ್ಟರೆ ಕರೆಂಟ್ ಏರುತ್ತದೆ, ಮತ್ತೆ ಬಿಸಿಯಾಗುತ್ತದೆ, ಮತ್ತೆ ಏರುತ್ತದೆ, ಕೊನೆಗೆ ಸುಡುತ್ತದೆ. ಮೈಮೇಲೆ 600 ಮಿಲಿಆಂಪಿಯರ್ ಎಂದೂ, 18ರಿಂದ 36 ವೋಲ್ಟ್ ಎಂದೂ ಬರೆದ ಡ್ರೈವರ್ ನಮ್ಮ ಲೆಕ್ಕಕ್ಕೆ ಕೂಡುತ್ತದೆ. ಒಂದೊಂದು ಎಲ್‌ಇಡಿ ಸುಮಾರು 3.2 ವೋಲ್ಟ್ ತೆಗೆದುಕೊಳ್ಳುತ್ತದೆ. ಆರಕ್ಕೆ 19 ವೋಲ್ಟ್ ದಾಟುತ್ತದೆ. 600 ಮಿಲಿಆಂಪಿಯರ್‌ನಲ್ಲಿ ಸಾಲಿಗೆ ಹನ್ನೊಂದೂವರೆ ವ್ಯಾಟ್. ಎರಡೂ ಸೇರಿ 23, ಡ್ರೈವರ್ ನುಂಗುವುದನ್ನು ಸೇರಿಸಿದರೆ ಸುಮಾರು 27 ವ್ಯಾಟ್. ದಿನಕ್ಕೆ ಹತ್ತು ಗಂಟೆ ಉರಿದರೆ ತಿಂಗಳಿಗೆ ಎಂಟು ಯೂನಿಟ್. ಜೆಸ್ಕಾಂ ಬಿಲ್ಲಿನಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಎಲ್‌ಇಡಿಯ ಬೆನ್ನಿಗೆ ದಪ್ಪ ಅಲ್ಯೂಮಿನಿಯಂ ಬೇಕು. ಹೀಟ್‌ಸಿಂಕ್ ಎಂದು ಮಾರುವ ರೆಕ್ಕೆರೆಕ್ಕೆಯ ಪಟ್ಟಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಕಿಟಕಿ, ಪಾರ್ಟಿಷನ್ ಮಾಡುವ ಅಲ್ಯೂಮಿನಿಯಂ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಉಳಿದ ಚಾನಲ್ ತುಂಡುಗಳನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಎರಡು ಚಾನಲ್‌ಗಳನ್ನು ಬೆನ್ನಿಗೆ ಬೆನ್ನು ಸೇರಿಸಿದರೆ ಗಾಳಿಗೆ ಮೈಯೊಡ್ಡುವ ಜಾಗ ಹೆಚ್ಚುತ್ತದೆ. ಸ್ಟಾರ್ ಮತ್ತು ಅಲ್ಯೂಮಿನಿಯಂ ನಡುವೆ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ, ಎರಡು ಸ್ಕ್ರೂ ಬಿಗಿಯಬೇಕು. ಪೇಸ್ಟ್ ಇರುವುದು ಕಣ್ಣಿಗೆ ಕಾಣದ ಸಂದು ತುಂಬಲು, ದಪ್ಪ ಹಚ್ಚಿದರೆ ಅದೇ ಅಡ್ಡಿಯಾಗುತ್ತದೆ. ಬೆಸುಗೆ ಹಾಕುವಾಗ ಅಲ್ಯೂಮಿನಿಯಂ ಬಿಸಿಯನ್ನೆಲ್ಲ ಎಳೆದುಕೊಳ್ಳುವುದರಿಂದ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಲದು, 60 ವ್ಯಾಟಿನದು ಬೇಕು. ತಂತಿ ಹಾಕಿದ ಮೇಲೆ ಮಲ್ಟಿಮೀಟರ್ ಹಿಡಿದು ಪ್ರತಿ ಬೆಸುಗೆಗೂ ಅಲ್ಯೂಮಿನಿಯಂ ಪಟ್ಟಿಗೂ ನಡುವೆ ಸಂಪರ್ಕ ಇಲ್ಲ ಎಂದು ಖಚಿತಪಡಿಸಿಕೊಂಡೇ ಕರೆಂಟ್ ಕೊಡಿ.

ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಹಾಗಾಗಿ ಈ ಒಂದು ಮಾತಿನಲ್ಲಿ ರಾಜಿ ಇಲ್ಲ: ಡ್ರೈವರ್ ಐಸೊಲೇಟೆಡ್ ಆಗಿರಬೇಕು, ಅಂದರೆ ಮನೆಯ 230 ವೋಲ್ಟಿಗೂ ಎಲ್‌ಇಡಿಯ ತಂತಿಗೂ ನೇರ ಸಂಪರ್ಕ ಇರಬಾರದು. ಅಗ್ಗದ ಬಲ್ಬುಗಳೊಳಗಿನ ಡ್ರೈವರ್‌ಗಳು ಬಹುತೇಕ ಹಾಗಿರುವುದಿಲ್ಲ. ಹಳೆಯ ಬಲ್ಬ್ ಬಿಚ್ಚಿ ಅದರ ಬೋರ್ಡನ್ನು ತೊಟ್ಟಿಯ ಮೇಲೆ ತೂಗುಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಭಯ. ಹೀಟ್‌ಸಿಂಕಿಗೆ ಅರ್ಥಿಂಗ್ ಕೊಡಿ, ಡ್ರೈವರ್‌ಗಳನ್ನು ತೊಟ್ಟಿಯಿಂದ ದೂರ ಗೋಡೆಗೆ ಹಾಕಿ, ಪ್ಲಗ್ಗಿಗೆ ಹೋಗುವ ವೈರು ಮೊದಲು ಕೆಳಗಿಳಿದು ಮತ್ತೆ ಮೇಲೇರುವಂತೆ ಬಿಡಿ. ಹನಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಕೊಳ್ಳುವ ಆರ್‌ಸಿಸಿಬಿ ಮನೆಯಲ್ಲಿಲ್ಲದಿದ್ದರೆ ತೊಟ್ಟಿಗಿಂತ ಮೊದಲು ಅದನ್ನು ಹಾಕಿಸಿ. ಇದನ್ನು ಬಿಟ್ಟು ಉಳಿದ ಸಾಮಾನೆಲ್ಲ ಸೇರಿ ಎರಡು-ಮೂರು ಸಾವಿರ ರೂಪಾಯಿಯ ಒಳಗೆ ಮುಗಿಯುವ ಕೆಲಸ.

ದೀಪ ಅಗ್ಗವಾಯಿತು. ನಮ್ಮ ಸೀಮೆಯಲ್ಲಿ ನಿಜವಾದ ಕಷ್ಟ ಬಿಸಿಯದು. ಬೇರೆ ಊರಿನವರು ಕೊಟ್ಟ ಲೆಕ್ಕ ಇಲ್ಲಿ ತಪ್ಪುವುದೂ ಇಲ್ಲೇ. ಹೀಟ್‌ಸಿಂಕ್ ತಯಾರಕರು ಅಂದಾಜು ಹಾಕುವುದು ಸಾಮಾನ್ಯವಾಗಿ 25 ಡಿಗ್ರಿಯ ಕೋಣೆಗೆ. ಪ್ರತಿ ವ್ಯಾಟಿಗೆ ಒಂದು ಡಿಗ್ರಿ ಏರುವ ಪಟ್ಟಿಯ ಮೇಲೆ 23 ವ್ಯಾಟ್ ಉರಿದರೆ ಅದು ಅಲ್ಲಿ 48 ಡಿಗ್ರಿಗೆ ನಿಲ್ಲುತ್ತದೆ. ಹೊಸಪೇಟೆಯ ಮೇ ತಿಂಗಳ ಮಧ್ಯಾಹ್ನ ಕೋಣೆಯೇ 38 ಇದ್ದರೆ ಪಟ್ಟಿ 60 ದಾಟುತ್ತದೆ, ಚಿಪ್ಪು ಅದಕ್ಕಿಂತ ಇನ್ನೂ ಬಿಸಿ. ಎಲ್‌ಇಡಿ ಅಲ್ಲೇ ಸಾಯುವುದಿಲ್ಲ, ಬೇಗ ಮಂಕಾಗುತ್ತದೆ. ಆದ್ದರಿಂದ ಇಲ್ಲಿ ಎಲ್‌ಇಡಿಯ ಸಂಖ್ಯೆ ಹೆಚ್ಚಿರಲಿ, ಒಂದೊಂದಕ್ಕೂ ಹಾಯುವ ಕರೆಂಟ್ ಕಡಿಮೆಯಿರಲಿ. 700 ಮಿಲಿಆಂಪಿಯರ್ ತಾಳುವ ಚಿಪ್ಪಿಗೆ 600 ಅಥವಾ ಇನ್ನೂ ಕಡಿಮೆ ಕೊಡಿ. ಕಡಿಮೆ ಕರೆಂಟಿನಲ್ಲಿ ಎಲ್‌ಇಡಿ ಪ್ರತಿ ವ್ಯಾಟಿಗೆ ಹೆಚ್ಚು ಬೆಳಕನ್ನೂ ಕೊಡುತ್ತದೆ. ಹಳೆಯ ಕಂಪ್ಯೂಟರಿನ 12 ವೋಲ್ಟಿನ ಫ್ಯಾನೊಂದನ್ನು ಪಟ್ಟಿಯ ಮೇಲೆ ಕೂರಿಸಿದರೆ ಹತ್ತಿಪ್ಪತ್ತು ಡಿಗ್ರಿ ಇಳಿಯುತ್ತದೆ.

ಇನ್ನು ನೀರಿನ ಬಿಸಿ. ಕಡಲ ತೊಟ್ಟಿಗೆ ಹಿತವಾದದ್ದು 25ರಿಂದ 27 ಡಿಗ್ರಿ. 27 ವ್ಯಾಟಿನ ದೀಪ ಹತ್ತು ಗಂಟೆಯಲ್ಲಿ ಹೊರಹಾಕುವ ಶಕ್ತಿಯೆಲ್ಲ ನೀರಿಗೇ ಸೇರಿ ಎಲ್ಲೂ ಹೋಗದೆ ಉಳಿಯಿತೆಂದು ಭಾವಿಸಿದರೆ 54 ಲೀಟರ್ ನೀರು ನಾಲ್ಕು ಡಿಗ್ರಿಗೂ ಹೆಚ್ಚು ಕಾಯುತ್ತದೆ. ವಾಸ್ತವದಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖ ಹೀಟ್‌ಸಿಂಕಿನಿಂದ ಗಾಳಿಗೆ ಹೋಗುತ್ತದೆ. ಎಲ್ಲರೂ ಮರೆಯುವುದು ಪಂಪನ್ನು. ನೀರಿನೊಳಗೇ ಇದ್ದು ಹಗಲಿರುಳು ಓಡುವ ಹತ್ತು ವ್ಯಾಟಿನ ಪಂಪು ದಿನಕ್ಕೆ 240 ವ್ಯಾಟ್-ಗಂಟೆ ಶಾಖವನ್ನು ನೇರ ನೀರಿಗೆ ಕೊಡುತ್ತದೆ. ದೀಪದ ಒಟ್ಟು ಲೆಕ್ಕವೇ 270. ದೀಪವನ್ನು ಬೈಯುವ ಮೊದಲು ಪಂಪನ್ನು ಸಣ್ಣದು ಮಾಡಿ.

ಇದಕ್ಕೆ ಪರಿಹಾರವೂ ಈ ಒಣಸೀಮೆಯಲ್ಲೇ ಇದೆ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಬೀಸಿದರೆ ನೀರು ಆವಿಯಾಗುತ್ತದೆ, ಆವಿಯಾಗುವ ಪ್ರತಿ ಲೀಟರ್ ಸುಮಾರು 24 ಲಕ್ಷ ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ದೀಪದ ಹತ್ತು ಗಂಟೆಯ ಶಾಖವನ್ನೆಲ್ಲ ಕಳೆಯಲು 400 ಮಿಲಿಲೀಟರ್ ಆವಿಯಾದರೆ ಸಾಕು. 40 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ತೇವಾಂಶ ಶೇ. 20ರಷ್ಟೇ ಇದ್ದರೆ, ಆವಿಯಾಗುವುದರಿಂದ ನೀರು ತತ್ವತಃ 22 ಡಿಗ್ರಿಯ ಹತ್ತಿರಕ್ಕೂ ಇಳಿಯಬಲ್ಲದು. ತೊಟ್ಟಿಯಲ್ಲಿ ಅಷ್ಟು ಸಿಗದು, ಆದರೂ ಒಳ್ಳೆಯ ಇಳಿಕೆ ಸಿಗುತ್ತದೆ. ಮಂಗಳೂರಿನ ಜಿಗುಟು ಗಾಳಿಯಲ್ಲಿ ಈ ಸೌಭಾಗ್ಯ ಇಲ್ಲ. ಆದರೆ ಆವಿಯಾಗುವುದು ನೀರು ಮಾತ್ರ. ಲೀಟರಿಗೆ 35 ಗ್ರಾಂ ಇದ್ದ ಉಪ್ಪು ಅಲ್ಲೇ ಉಳಿದು ದಿನದಿನಕ್ಕೆ ಗಟ್ಟಿಯಾಗುತ್ತದೆ. ಕಡಿಮೆಯಾದಷ್ಟನ್ನು ಪ್ರತಿದಿನ ಆರ್‌ಓ ನೀರಿನಿಂದ ತುಂಬಬೇಕು, ಉಪ್ಪುನೀರಿನಿಂದಲ್ಲ. ಬೇಸಿಗೆಯಲ್ಲಿ ದೀಪವನ್ನು ಸಂಜೆ ಐದಕ್ಕೆ ಹಚ್ಚಿ ನಡುರಾತ್ರಿ ದಾಟಿದ ಮೇಲೆ ಆರಿಸುವುದೂ ಒಂದು ಜಾಣತನ. ತೊಟ್ಟಿಯ ಹಗಲು ನಮ್ಮ ಹಗಲೇ ಆಗಿರಬೇಕೆಂಬ ನಿಯಮವಿಲ್ಲ.

ಬೆಳಕು ಸಾಕೇ, ಹೆಚ್ಚಾಯಿತೇ ಎಂದು ತಿಳಿಯುವುದು ಹೇಗೆ? ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು ‘ಪಾರ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಡುಹಗಲಿನ ನೆತ್ತಿಯ ಬಿಸಿಲು ಸುಮಾರು 2000 ಇದ್ದರೆ, ಮೃದು ಸ್ವಭಾವದ ಕಡಲಜೀವಿಗಳಿಗೆ 50ರಿಂದ 150 ಸಾಕು. ಅದನ್ನು ಅಳೆಯುವ ಮೀಟರ್ ದುಬಾರಿ. ಮೊಬೈಲಿನ ಲಕ್ಸ್ ಆ್ಯಪ್ ಬಿಳಿ ದೀಪಕ್ಕೆ ಅಂದಾಜು ಕೊಡಬಲ್ಲದು: ತಂಪು ಬಿಳಿ ಎಲ್‌ಇಡಿಯಲ್ಲಿ ಲಕ್ಸನ್ನು ಸುಮಾರು 70ರಿಂದ ಭಾಗಿಸಿದರೆ ಪಾರ್ ಹತ್ತಿರಕ್ಕೆ ಬರುತ್ತದೆ. ನೀಲಿ ದೀಪಕ್ಕೆ ಈ ಲೆಕ್ಕ ನಡೆಯದು. ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಅಳತೆ. ನಮ್ಮ ಕಣ್ಣಿಗೆ ಹಸಿರು ಪ್ರಿಯ, 450 ನ್ಯಾನೊಮೀಟರಿನ ನೀಲಿಗೆ ಅದು ನೂರಕ್ಕೆ ನಾಲ್ಕರಷ್ಟೇ ಬೆಲೆ ಕೊಡುತ್ತದೆ. ನಮಗೆ ಮಂಕಾಗಿ ಕಂಡ ನೀಲಿಯನ್ನು ಪಾಚಿ ಹೊಟ್ಟೆತುಂಬ ಉಣ್ಣುತ್ತಿರಬಹುದು. ಹಾಗಾಗಿ ಕಣ್ಣನ್ನು ನಂಬಿ ಇನ್ನಷ್ಟು ನೀಲಿ ಸೇರಿಸಬೇಡಿ. ಕಡಲಪಾಚಿಯ ತೊಟ್ಟಿಗೆ ಬಿಳಿ ಸಾಲೇ ಮುಖ್ಯ, ನೀಲಿ ನಡುವಿನ ಮೂರ್ನಾಲ್ಕು ಗಂಟೆ ಸಾಕು. ಮೊದಲ ವಾರ ಆರು ಗಂಟೆಯಿಂದ ಆರಂಭಿಸಿ, ವಾರಕ್ಕೆ ಒಂದೊಂದು ಗಂಟೆ ಏರಿಸಿ.

ಏರಿಸುವಾಗ ಗಾಜನ್ನೂ ತಳದ ಮರಳನ್ನೂ ಗಮನಿಸಿ. ಕಡುಕೆಂಪು ಲೋಳೆಯ ಹೊದಿಕೆ ಮರಳಿನ ಮೇಲೆ ಹಬ್ಬಲು ಶುರುವಾದರೆ ಅದು ಸೈನೋಬ್ಯಾಕ್ಟೀರಿಯಾ, ಸಂಡೂರಿನ ದಿಬ್ಬಗಳನ್ನು ಕಟ್ಟಿದ ಜೀವಿಗಳ ಬಳಗದ್ದೇ. ತುಂಗಭದ್ರಾ ಜಲಾಶಯದ ನೀರು ಕೆಲವು ವರ್ಷ ಹಸಿರುಗಟ್ಟುವುದೂ ಇದೇ ಬಳಗದಿಂದ. ಗದ್ದೆಗಳಿಂದಲೂ ಊರುಗಳಿಂದಲೂ ಹರಿದು ಬರುವ ಸಾರಜನಕ, ರಂಜಕ ಹೆಚ್ಚಿ, ಬಿಸಿಲು ಜೋರಾಗಿ, ನೀರು ನಿಂತರೆ ಅವು ಹಿಗ್ಗುತ್ತವೆ. ತೊಟ್ಟಿಯಲ್ಲೂ ಕಾರಣ ಅದೇ: ಮೀನಿಗೆ ಹಾಕಿದ ಹೆಚ್ಚಿನ ಮೇವು, ನಲ್ಲಿ ನೀರಿನಲ್ಲಿದ್ದ ನೈಟ್ರೇಟ್, ನೀರು ಸುಳಿಯದ ಮೂಲೆ. ಬೆಳಕನ್ನು ಎರಡು ಗಂಟೆ ಇಳಿಸಿ, ಮೇವು ಅರ್ಧ ಮಾಡಿ, ಪಂಪಿನ ಮುಖ ಆ ಮೂಲೆಗೆ ತಿರುಗಿಸಿ. ಔಷಧಿ ಹಾಕಬೇಕಾದ ಪ್ರಮೇಯ ಅಪರೂಪ.

ಉಪ್ಪುನೀರಿನ ಗೊಡವೆಯೇ ಬೇಡ ಎನ್ನುವವರಿಗೂ ಇದೇ ದೀಪ ಆಗುತ್ತದೆ. ನೀಲಿಯ ಆರರಲ್ಲಿ ನಾಲ್ಕನ್ನು ತೆಗೆದು ಬಿಳಿ ಹಾಕಿದರೆ ಸಿಹಿನೀರಿನ ಗಿಡಗಳಿಗೆ ಒಪ್ಪುವ ಬೆಳಕು. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾದಂಥ ನೀರುಗಿಡಗಳು ಈ ಬಿಸಿಗೆ ಬೆಚ್ಚುವುದಿಲ್ಲ, ನೀರು 30 ದಾಟಿದರೂ ತಾಳಿಕೊಳ್ಳುತ್ತವೆ. ಮೊದಲ ಸಲ ಕೈಹಾಕುವವರಿಗೆ, ಮನೆಯಲ್ಲಿ ಪುಟ್ಟ ಮಕ್ಕಳಿರುವವರಿಗೆ ನಾನು ಸೂಚಿಸುವುದು ಇದನ್ನೇ.

ಗಿಡವನ್ನೂ ಮೀನನ್ನೂ ಹೊಳೆಯಿಂದ ಹಿಡಿದು ತರುವ ಮೊದಲು ಒಂದು ವಿಷಯ ತಿಳಿದಿರಲಿ. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಹಂಪಿಯ ಬಂಡೆಗಳ ನಡುವೆ ಹರಿಯುವ ಹೊಳೆಯೂ ಅದರೊಳಗೇ ಬರುತ್ತದೆ. ಅಲ್ಲಿನ ಮೀನು ನೀರುನಾಯಿಯ ಊಟ. ಅಲ್ಲಿಂದ ತರುವುದಕ್ಕಿಂತಲೂ ಕೆಟ್ಟದ್ದು ಅಲ್ಲಿಗೆ ಬಿಡುವುದು. ಸಾಕಿ ಬೇಸರವಾದ ಅಕ್ವೇರಿಯಂ ಮೀನುಗಳನ್ನು ಜನ ಕೆರೆ-ಹೊಳೆಗೆ ಬಿಟ್ಟದ್ದರಿಂದಲೇ ದಕ್ಷಿಣ ಅಮೆರಿಕದ ಸಕ್ಕರ್ ಮೀನು ನಮ್ಮ ಜಲಮೂಲಗಳಲ್ಲಿ ಬೀಡುಬಿಟ್ಟಿದೆ. ತುಂಗಭದ್ರೆ ಹೋಗಿ ಸೇರುವ ಕೃಷ್ಣೆಯಲ್ಲಿ ಆಂಧ್ರದ ಮೀನುಗಾರರ ಬಲೆಗಳನ್ನು ಅದು ಹರಿದುಹಾಕುತ್ತಿದೆ. ತೊಟ್ಟಿ ಮುಚ್ಚುವ ದಿನ ಬಂದರೆ ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಕೊಡಿ. ಕಿತ್ತ ಗಿಡವನ್ನು ಕಾಲುವೆಗೆ ಎಸೆಯದೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ತಿಪ್ಪೆಗೆ ಹಾಕಿ. ಕೌಲರ್ಪಾವನ್ನಂತೂ ಚೂರೂ ಉಳಿಯದಂತೆ ಒಣಗಿಸಬೇಕು. ಅದರ ಒಂದು ತಳಿ 1980ರ ದಶಕದಲ್ಲಿ ಮೊನಾಕೊದ ಬಳಿ ಮೆಡಿಟರೇನಿಯನ್ ಕಡಲಿಗೆ ಸೇರಿ ಅಲ್ಲಿನ ಕಡಲಹುಲ್ಲಿನ ಮೇಲೆ ಹಬ್ಬಿತು, ಅದು ಅಕ್ವೇರಿಯಂನಲ್ಲಿ ಸಾಕಿದ ಪಾಚಿಯಿಂದಲೇ ಬಂದದ್ದು.